ಹಕ್ಕಿಯ ಗುರುತು, ಮಗಳ ಮುಖ

ಮಂಡಗದ್ದೆ
9-9-2024

ಪ್ರೀತಿಯ ಮಗಳು ಸುಮನಾಳಿಗೆ,

ಹೇಗಿದ್ದೀಯಮ್ಮಾ? ಸೊಂಟದ ನೋವು ಕಡಿಮೆಯಾಯಿತೆ? ಶ್ರೀನಾಥ್ ಆರೋಗ್ಯವೆ? ಅಳಿಯನ ಹೆಸರೆತ್ತಿ ಕೇಳುತ್ತಿರುವುದು ಇದೇ ಮೊದಲು, ನಗಬೇಡ. ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಕಾಲೇಜಿನಲ್ಲಿ ಕಲಿತ ರಜಾ ಅರ್ಜಿಯ ಇಂಗ್ಲಿಷಿನಲ್ಲಿ ಹೇಳುವುದಾದರೆ, ಐ ಬೆಗ್ ಟು ಸ್ಟೇಟ್, ಹರಿದು ಹಾಕದೆ ಕೊನೆತನಕ ಓದು.

ಹೋದ ತಿಂಗಳು ತೀರ್ಥಹಳ್ಳಿಯಲ್ಲಿ ಮೈಸೂರು ಬಸ್ಸಿಳಿದು ನೀನು ನನ್ನೆದುರೇ ನಗುತ್ತಾ ನಿಂತೆಯಂತೆ. ನಾನು ನಿನ್ನ ಮುಖ ನೋಡಿಯೇ "ಸ್ವಲ್ಪ ಆಚೆ ನಿಂತ್ಕೊಳ್ಳಮ್ಮ" ಎಂದೆನಂತೆ. ನೀನು ಮಾತಿಲ್ಲದೆ ವಾಪಸ್ ಬಸ್ಸು ಹತ್ತಿದೆಯಂತೆ. ಹೋಟೆಲಿನಿಂದ ನೋಡಿದ ಹೂವಯ್ಯ, ನಮ್ಮ ಪಕ್ಕದ ಮನೆಯವನು, "ಎಂಥ ಕಲ್ಲೆದೆ ಮಾರಾಯ ನಿಂದು, ಮಗಳನ್ನೇ ಓಡಿಸಿದ್ಯಲ್ಲ" ಎಂದು ಬೈದ ಮೇಲೆಯೇ ನನಗೆ ಗೊತ್ತಾದದ್ದು. ನಿನ್ನ ಮದುವೆಯ ದಿನ "ನೀನ್ಯಾರೋ ನಂಗೊತ್ತಿಲ್ಲ, ಹೋಗು" ಎಂದು ಕೂಗಿದವನು ನಾನೇ. ಆ ಹಟವನ್ನೇ ಸಾಧಿಸಿದೆ ಅಂದುಕೊಂಡೆಯಲ್ಲವೆ? ನಿನ್ನ ಅವ್ವನಾಣೆ, ಅಲ್ಲ.

ಯುಗಾದಿ ಹೊತ್ತಿಗೆ ತಲೆಸುತ್ತಿ ಬಿದ್ದಿದ್ದೆ, ನಿನಗೆ ಹೇಳಿರಲಿಲ್ಲ. ಆಮೇಲೆ ಎಲ್ಲರ ಮುಖವೂ ಒಂದೇ. ಎರಡು ಸಲ ಕನ್ನಡಕ ಬದಲಿಸಿದೆ. ಹೂವಯ್ಯನನ್ನೂ ಕೆಮ್ಮಿನಿಂದ ಗುರುತಿಸುತ್ತಿದ್ದೆ. ನಾಚಿಕೆಯಿಂದ ಯಾರಿಗೂ ಬಾಯಿ ಬಿಡಲಿಲ್ಲ. ಕೊನೆಗೆ ಅವನೇ ಉಡುಪಿ ಕಡೆಯ ದೊಡ್ಡ ಆಸ್ಪತ್ರೆಗೆ ಕರೆದೊಯ್ದ. ಅಲ್ಲಿ ಮೇಧಾ ಎಂಬ ಡಾಕ್ಟರಮ್ಮ, ಕಣ್ಣು ಕಂಡದ್ದು ಮನುಷ್ಯನ ಮಿದುಳಿಗೆ ಹೇಗೆ ಗೊತ್ತಾಗುತ್ತದೆಂದು ಸಂಶೋಧನೆ ಮಾಡುವವರು, ನನ್ನನ್ನು ಢಬಢಬ ಬಡಿಯುವ ಸ್ಕ್ಯಾನಿಂಗ್ ಯಂತ್ರದೊಳಗೆ ಮಲಗಿಸಿದರು. ಕಣ್ಣಿನ ಮೇಲಿಟ್ಟ ಪುಟ್ಟ ಕನ್ನಡಿಯಲ್ಲಿ ಚಿತ್ರ ಬರುತ್ತದೆ, ಗುರುತಿದ್ದರೆ ಗುಂಡಿ ಒತ್ತಬೇಕು. ಬೆಳ್ಳಕ್ಕಿ, ನೀರುಕಾಗೆ, ಕೊಕ್ಕರೆ, ಎಲ್ಲಕ್ಕೂ ಒತ್ತಿದೆ. ಪಕ್ಷಿಧಾಮದಲ್ಲಿ ಮೂವತ್ತು ವರ್ಷ ವಾಚರ್ ಆಗಿದ್ದವನಲ್ಲವೆ! ಮುಖಗಳು ಬಂದಾಗ ಒಂದಕ್ಕೂ ಒತ್ತಲಾಗಲಿಲ್ಲ. ಹೊರಬಂದು, "ಮೇಡಂ, ಐ ನೋ ಓನ್ಲಿ ಬರ್ಡ್ಸ್, ನೋ ಲೇಡೀಸ್" ಎಂದೆ. ಅವರು ನಗಲಿಲ್ಲ. ಹೂವಯ್ಯ ಕೊಟ್ಟಿದ್ದ ಮೂರು ಫೋಟೊ ಅದರಲ್ಲಿ ಸೇರಿದ್ದವಂತೆ. ಎರಡು ನಿನ್ನ ಅವ್ವ ಸರೋಜಳದು. ಒಂದು ನಿನ್ನದು.

ಪರದೆಯಲ್ಲಿ ತೋರಿಸಿದರು. ಹಕ್ಕಿಗೆ ಮಿದುಳಿನ ಒಂದು ಕಡೆ ಕೆಂಡದ ಹಾಗೆ ಹೊಳೆಯುತ್ತದೆ, ಮುಖಕ್ಕೆ ಬೂದಿ. ಕಣ್ಣು ಚೆನ್ನಾಗಿದೆ, ಮುಖದ ಗುರುತು ಹಿಡಿಯುವ ಜಾಗಕ್ಕೆ ಪೆಟ್ಟಾಗಿದೆಯಂತೆ. ವಾಸಿಯಾಗುತ್ತದೆಯೆ ಎಂದು ಕೈಮುಗಿದು ಕೇಳಿದೆ. ಇದು ತಿಳಿಯುವುದಕ್ಕೆ ಮಾಡಿದ ಪರೀಕ್ಷೆ, ಔಷಧಿ ಅಲ್ಲ ಅಜ್ಜಾ, ಎಂದರು. ಮನೆಗೆ ಬಂದು ಗೋಡೆಯ ಮೇಲಿನ ನಿನ್ನ ಅವ್ವನ ಫೋಟೊ ಎದುರು ಕೂತೆ. ಹಾರ ಹಾಕಿರುವುದರಿಂದ ಅವಳೇ ಎಂದು ನಂಬಬೇಕಷ್ಟೆ.

ಇಬ್ಬರೂ ಚೆನ್ನಾಗಿರಿ. ನನ್ನ ಆಶೀರ್ವಾದ ಅವತ್ತು ಕೊಡಲಿಲ್ಲ, ಈಗ ಎರಡರಷ್ಟು ತಗೊಳ್ಳಿ.

ನಿನ್ನ ಅಪ್ಪಯ್ಯ,
ಮಂಜುನಾಥಪ್ಪ

ಮರೆತೆ: ಇನ್ನು ಪ್ರತಿ ಭಾನುವಾರ ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಇರುತ್ತೇನೆ. ಬಂದರೆ ಸುಮ್ಮನೆ ಎದುರು ನಿಲ್ಲಬೇಡ ಮಗಾ, "ಅಪ್ಪಯ್ಯಾ" ಅಂತ ಕೂಗು, ದನಿ ಗೊತ್ತಾಗುತ್ತದೆ. ಬರುವುದಿಲ್ಲವಾದರೆ ಅದನ್ನಾದರೂ ತಿಳಿಸು. ಇಲ್ಲದಿದ್ದರೆ ಮಾತಾಡದೆ ನನ್ನ ದಾಟಿ ಹೋದ ಹೆಣ್ಣುಮಕ್ಕಳೆಲ್ಲ ನೀನೇ ಅಂದುಕೊಂಡು ನಿಂತಿರುತ್ತೇನೆ.