ಕೊನೆಯ ಬೆಂಚಿನ ಓದು

ಜೂನ್ 2, ಸೋಮವಾರ. ರಾಮನಗರ.

ಮಗಳು ಶೀಬಾಳನ್ನು ಆರನೇ ತರಗತಿಗೆ ಸೇರಿಸಲು ಎರಡು ಸರ್ಕಾರಿ ಶಾಲೆ ನೋಡಿ ಬಂದೆವು. ಮಾರುಕಟ್ಟೆಯಲ್ಲಿ ರಾಶಿಯ ತಳಕ್ಕೆ ಕೈಹಾಕದೆ ರೇಷ್ಮೆಗೂಡು ಕೊಂಡವನಲ್ಲ ನಾನು. ಮೇಲಿನ ಗೂಡು ಯಾವಾಗಲೂ ಚೆನ್ನಾಗಿಯೇ ಇರುತ್ತದೆ. ಶಾಲೆಯಲ್ಲೂ ಅದೇ ಚಾಳಿ. ಕೊನೆಯ ಬೆಂಚಿನವರಿಂದ ಓದಿಸಿ ಎಂದೆ. ಕಂಪ್ಯೂಟರ್ ಇರುವ ಮೊದಲ ಶಾಲೆಯ ಮೇಷ್ಟ್ರು, "ಅವ್ರನ್ನ ಬುಡಿ ಸಾಬ್ರೇ, ಮುಂದ್ಗಡೆಯವ್ರನ್ನ ಕೇಳಿ" ಎಂದರು. ಎರಡನೆಯದರಲ್ಲಿ ಗೋಡೆಯೆಲ್ಲ ಸೋರಿದ ಕಲೆ. ಆದರೆ ಕೊನೆಯ ಬೆಂಚಿನ ಹುಡುಗಿ ತಡವರಿಸುತ್ತಾ ಒಂದು ಸಾಲು ಮುಗಿಸುವವರೆಗೂ ಟೀಚರ್ ಸುಮ್ಮನೆ ಕಾದರು. ಅಲ್ಲೇ ಸೇರಿಸಿದೆ.

ನನ್ನ ಜಾಣತನಕ್ಕೆ ನಾನೇ ಬೀಗುತ್ತಾ ಬರುತ್ತಿದ್ದೆ. ಮನೆ ಹತ್ತಿರ ಶೀಬಾ ಕೇಳಿದಳು: "ಅಬ್ಬಾ, ನಾನು ಕೊನೇ ಬೆಂಚಲ್ಲೇ ಕೂರ್ತೀನಿ ಅಂತ ಈಗ್ಲೇ ಅನ್ಕೊಂಡ್‌ಬುಟ್ಯಾ?"

ಗೂಡಾಗಿದ್ದರೆ ತಿರುಗಿ ಕೇಳುತ್ತಿರಲಿಲ್ಲ.