ಪೂರ್ಣ ಗುಣವಾದ ಮಣಿಕಟ್ಟು ಮತ್ತು ಪುಟ ಉದುರುವ ಪುಸ್ತಕ

ಕಾರ್ಮಿಕರ ವೈದ್ಯಕೀಯ ಕಚೇರಿಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ಕೊಡುತ್ತೇವೆ ಎಂದದ್ದು: ಕೆಲಸದಲ್ಲಿ ಮಣಿಕಟ್ಟು ಮುರಿದರೆ ಸಂಪೂರ್ಣ ಚಿಕಿತ್ಸೆ. ಕೊಟ್ಟದ್ದು: ಎಲುಬಿಗೆ ಪ್ಲಾಸ್ಟರ್. ಆಗುವುದಿಲ್ಲ ಎಂದದ್ದು: ಅದೇ ಪೆಟ್ಟಿನಿಂದ ಹರಿದ ಅಸ್ಥಿರಜ್ಜುವಿನ ತಪಾಸಣೆ. ಮಣಿಕಟ್ಟಿನ ಸಣ್ಣ ಎಲುಬುಗಳನ್ನು ಒಂದಕ್ಕೊಂದು ಬಿಗಿದಿಡುವ ನಾರು ಅದು. ನಿಮಗೆ ಗೊತ್ತಿರುವ ವಿಷಯವೇ, ಈ ಬಹಿರಂಗ ಪತ್ರದ ಓದುಗರಿಗಾಗಿ ಬರೆದೆ.

ನಾನು ಮುದ್ರಣಾಲಯದಲ್ಲಿ ಪುಸ್ತಕ ಹೊಲಿದು ರಟ್ಟು ಹಾಕುವವನು. ಹೋದ ವರ್ಷ ಏಣಿಯಿಂದ ಜಾರಿ ಅಂಗೈ ಊರಿ ಬಿದ್ದೆ. ಪ್ಲಾಸ್ಟರ್ ಬಿಚ್ಚಿದ ದಿನ ನಿಮ್ಮ ವೈದ್ಯರು "ಎಲುಬು ಚೆನ್ನಾಗಿ ಕೂಡಿದೆ, ಕೆಲಸಕ್ಕೆ ಹೋಗಿ" ಎಂದು ಕಡತಕ್ಕೆ "ಪೂರ್ಣ ಗುಣ" ಮೊಹರು ಒತ್ತಿದರು.

"ಸರ್, ಮುಷ್ಟಿ ಹಿಡಿದ್ರೆ ಒಳಗೆ ಕಟಕ್ ಅನ್ನುತ್ತೆ. ದಾರ ಬಿಗಿಯೋಕೆ ಆಗಲ್ಲ."

"ಅದು ಬೇರೆ ಗಾಯ. ಬೇರೆ ಅರ್ಜಿ ಹಾಕಿ."

ಕಿಟಕಿಯ ಗುಮಾಸ್ತರು ನಿಯಮ ಬಿಡಿಸಿ ಹೇಳಿದರು: ಒಂದು ಅರ್ಜಿಗೆ ಒಂದೇ ಗಾಯ. ಮೊದಲ ಅರ್ಜಿ ಮುಗಿಯದೆ ಎರಡನೆಯದು ತೆಗೆದುಕೊಳ್ಳುವಂತಿಲ್ಲ. ಎಲುಬು ಕೂಡದೆ ಮೊದಲನೆಯದು ಮುಗಿಯುವಂತಿಲ್ಲ. ಎರಡನೆಯ ಅರ್ಜಿ ಹಿಡಿದು ಕೈ ತಜ್ಞರ ಬಳಿ ಹೋಗುವಷ್ಟರಲ್ಲಿ ನಾನು ಬಿದ್ದು ನಾಲ್ಕು ತಿಂಗಳು ಕಳೆದಿತ್ತು. "ಮೊದಲ ಕೆಲವು ವಾರದಲ್ಲೇ ಬಂದಿದ್ರೆ ಹರಿದ ನಾರನ್ನ ಹೊಲೀಬಹುದಿತ್ತು. ಈಗ ತುದಿಗಳು ಹಿಂದೆ ಸರಿದಿವೆ" ಎಂದರು ಅವರು. ಹೊಲಿಗೆಯವನಿಗೇ ಹೊಲಿಗೆ ತಪ್ಪಿತು. ನಾನು ಬಿದ್ದದ್ದು ಒಂದೇ ಸಲ, ಮಾನ್ಯರೇ. ಎಲುಬಿಗೊಮ್ಮೆ, ನಾರಿಗೊಮ್ಮೆ ಬೇರೆ ಬೇರೆ ದಿನ ಬೀಳಬೇಕಿತ್ತೇ?

ಮುಂದಿನದು ಕೇಳಿ, ನಗು ಬಂದರೆ ತಡೆಯಬೇಡಿ. ನಿಮ್ಮದೇ ಕಚೇರಿ ನಲವತ್ತು ದೂರು ಪುಸ್ತಕಗಳನ್ನು ನಮ್ಮಲ್ಲಿ ಮಾಡಿಸಿತು. ನಿಮ್ಮ ಪ್ರಕಾರ ಗುಣವಾಗಿದ್ದ ಕೈಯಲ್ಲೇ ಹೊಲಿದೆ. ಎರಡೇ ತಿಂಗಳಿಗೆ ಎಲ್ಲವೂ ವಾಪಸು ಬಂದವು. ಜೊತೆಗೆ ನಿಮ್ಮ ಉಗ್ರಾಣದಿಂದ ಒಂದು ಚೀಟಿ: "ಪುಟಗಳು ಉದುರುತ್ತಿವೆ. ಹೊಲಿದವನ ಕೈಯಲ್ಲಿ ಬಿಗಿ ಇಲ್ಲ." ಕೆಳಗೆ ನಿಮ್ಮ ಸಹಿ, ದುಂಡು ಮೊಹರು. ವರ್ಷವಿಡೀ ಅಲೆದರೂ ನಿಮ್ಮ ವೈದ್ಯರು ಬರೆದುಕೊಡದ ಪ್ರಮಾಣಪತ್ರವನ್ನು ನಿಮ್ಮ ಉಗ್ರಾಣದವರು ಕೂತಲ್ಲಿಗೇ ಕಳಿಸಿದರು. ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ.

ನನ್ನದು ಹೋಯಿತು, ಬಿಡಿ. ಈ ಪತ್ರ ನಮ್ಮಲ್ಲಿ ಹಾಳೆ ಮಡಿಸುವ ಅಕ್ಕನಿಗಾಗಿ. ಅವರು ಕೈ ಊರಿ ಬಿದ್ದು ಇಂದಿಗೆ ಹದಿನೆಂಟು ದಿನ. ಎಲುಬಿನ ಜೊತೆ ನಾರೂ ಹರಿದಿರಬಹುದೆಂದು ಎಕ್ಸ್‌ರೇ ನೋಡಿದವರು ಬರೆದುಕೊಟ್ಟಿದ್ದಾರೆ. ಕಿಟಕಿಯಲ್ಲಿ ಅದೇ ಉತ್ತರ: "ಪ್ಲಾಸ್ಟರ್ ಬಿಚ್ಚಿದ ಮೇಲೆ ಬನ್ನಿ."

ಅಕ್ಕ ಹೊರಗೆ ಬಂದು, "ನಿನ್ನ ಕೈ ನೋಡಿ ನನಗೆ ಬುದ್ಧಿ ಬಂತು ಕಣೋ. ಆ ಕಿಟಕಿಗೆ ಬರೋದು ಯಾವಾಗ?" ಎಂದರು.

ಹರಿದ ನಾರಿಗೆಲ್ಲ ಶಸ್ತ್ರಚಿಕಿತ್ಸೆ ಬೇಕಿಲ್ಲ, ಕೆಲವು ಪ್ಲಾಸ್ಟರಿನೊಳಗೇ ಮಾಗುತ್ತವೆ ಎಂದು ನೀವು ಹೇಳುತ್ತೀರಿ. ಒಪ್ಪಿದೆವು. ಯಾವುದು ಮಾಗುತ್ತದೆ, ಯಾವುದು ಮಾಗುವುದಿಲ್ಲ ಎಂದು ನೋಡದೆ ತಿಳಿಯುವುದು ಹೇಗೆ? ಮುರಿದ ಮಣಿಕಟ್ಟು ಬಂದ ದಿನವೇ ನಾರನ್ನೂ ಪರೀಕ್ಷಿಸಬೇಕು. ಅರ್ಜಿಯಲ್ಲಿ ಎರಡನೆಯ ಗಾಯಕ್ಕೆ ಒಂದು ಸಾಲು ಸೇರಬೇಕು. ಎಲ್ಲಕ್ಕಿಂತ ಮೊದಲು, ಅಕ್ಕನನ್ನು ತಜ್ಞರ ಬಳಿ ಕಳಿಸುವ ಚೀಟಿಗೆ ನಿಮ್ಮ ಸಹಿ ಬೀಳಬೇಕು.

ಅದಕ್ಕಾಗಿ ನಾವೇ ಬರುತ್ತೇವೆ: ಅಕ್ಕ, ನಾನು, ಹೊಲಿಗೆ ವಿಭಾಗದ ಹನ್ನೊಂದು ಮಂದಿ. ನಲವತ್ತು ದೂರು ಪುಸ್ತಕಗಳೂ ಬರುತ್ತವೆ. ಫ್ಯಾನ್ ಆರಿಸಿಡಿ, ಪುಟಗಳು ಹಾರುತ್ತವೆ. ನಿಮ್ಮ ಕೊಠಡಿ, ಬರುವ ಸೋಮವಾರ, ಬೆಳಿಗ್ಗೆ ಹತ್ತೂವರೆ ಗಂಟೆ.

ಇಂತಿ,
ನಿಮ್ಮ ಒಂದು ಮೊಹರಿನ ಪ್ರಕಾರ ಗುಣವಾಗಿರುವ, ಇನ್ನೊಂದರ ಪ್ರಕಾರ ಬಿಗಿಯಿಲ್ಲದ ಕೈಯವನು