ನೆರವು ಕೇಂದ್ರಕ್ಕೆ ಹೋಗಿ ಗೈರಾದವಳು

ಮಾನ್ಯ ಪ್ರಾಂಶುಪಾಲರೇ,

ಕಾಲೇಜು ಬಿಡಬೇಡ ಎಂದು ಬುದ್ಧಿ ಹೇಳುವ ತಮ್ಮ ಕೇಂದ್ರಕ್ಕೆ ತಪ್ಪದೆ ಹೋದ ಅಪರಾಧಕ್ಕಾಗಿ, ನನ್ನ ಅಣ್ಣನ ಮಗಳನ್ನು ತಾವು ಕಾಲೇಜು ಬಿಡಿಸುತ್ತಿದ್ದೀರಿ. ಅರ್ಥವಾಗಲಿಲ್ಲವೇ? ನನಗೂ ಆಗಲಿಲ್ಲ. ನಾನು ಬಟ್ಟೆ ಹೊಲಿದು ಬದುಕುವ ಹೆಂಗಸು; ನನ್ನ ಕಿವಿಯಲ್ಲೇ ಏನೋ ದೋಷವಿರಬೇಕೆಂದು ಮತ್ತೊಮ್ಮೆ ತಮ್ಮ ಆಫೀಸಿಗೆ ಬಂದು ಕೇಳಿದೆ. ಗುಮಾಸ್ತರು ಮತ್ತೊಮ್ಮೆ ಅದನ್ನೇ ಹೇಳಿದರು.

ಹುಡುಗಿ ದೂರದ ಊರಿನಿಂದ ಬಂದು ನಮ್ಮ ಮನೆಯಲ್ಲಿದ್ದು ಓದುತ್ತಿದ್ದಾಳೆ. ಮೊದಲ ವರ್ಷ. ಶುರುವಿನಲ್ಲಿ ಅವಳ ಅವಸ್ಥೆ ನೋಡಲಾಗುತ್ತಿರಲಿಲ್ಲ. ತರಗತಿಯಲ್ಲಿ ಮಾತಾಡಿಸುವವರಿಲ್ಲ, ಪಾಠ ತಲೆಗೆ ಹತ್ತುವುದಿಲ್ಲ, ಕೇಳಿದರೆ ನಗುತ್ತಾರೆಂಬ ಹೆದರಿಕೆ. ಊಟದ ಡಬ್ಬಿಯನ್ನು ಮೆಟ್ಟಿಲ ಕೆಳಗೆ ಅಡಗಿ ಕೂತು ತೆಗೆಯುತ್ತಿದ್ದಳಂತೆ. ಒಂದು ಸಂಜೆ ನನ್ನ ಮೆಷಿನ್ ಪಕ್ಕ ಗುಂಡಿ ಹಚ್ಚುತ್ತ ಕೂತವಳು, "ಅತ್ತೆ, ನಾನು ಊರಿಗೆ ಹೋಗ್ಬಿಡ್ತೀನಿ," ಅಂದಳು.

ಆಗ ಕಂಡಿದ್ದು ತಮ್ಮ 'ಹೊಸಬರ ನೆರವು ಕೇಂದ್ರ'ದ ಫಲಕ. ಆಹಾ, ಎಂಥ ಫಲಕ! ನಗುವ ಮಕ್ಕಳ ಚಿತ್ರ, ಕೆಳಗೆ 'ನಿಮ್ಮ ಜೊತೆ ನಾವಿದ್ದೇವೆ' ಎಂಬ ಅಭಯ. ನಾನೇ ಬಲವಂತ ಮಾಡಿ ಕಳಿಸಿದೆ. ಆದರೆ ಕೇಂದ್ರ ತೆರೆದಿರುವುದು ತರಗತಿಗಳು ನಡೆಯುವಾಗ ಮಾತ್ರ. ಕೊನೆಯ ಗಂಟೆ ಹೊಡೆದರೆ ಅದಕ್ಕೂ ಬೀಗ. ಹಾಗಾಗಿ ಹುಡುಗಿ ಇಲ್ಲಿ ನೆರವು ಪಡೆಯುತ್ತಿದ್ದಷ್ಟು ಹೊತ್ತೂ ಅಲ್ಲಿ ಅವಳಿಗೆ ಗೈರುಹಾಜರಿ ಬೀಳುತ್ತಿತ್ತು. ಹಾಜರಾತಿ ಕಡಿಮೆಯಾಯಿತು. ಹಾಜರಾತಿ ಕಡಿಮೆಯಾದವರಿಗೆ ತಾವು ಕಂಡುಹಿಡಿದ ಮದ್ದೇನು? ಅದೇ ಕೇಂದ್ರಕ್ಕೆ ಕಡ್ಡಾಯವಾಗಿ ಕಳಿಸುವುದು, ಅದೂ ತರಗತಿಯ ಹೊತ್ತಿನಲ್ಲೇ! ರಸಾಯನಶಾಸ್ತ್ರದ ಪಾಠ ಬಿಟ್ಟು ಬಂದವಳನ್ನು ಕೂರಿಸಿಕೊಂಡು, ಪಾಠ ಬಿಡಬಾರದೆಂದು ಉಪನ್ಯಾಸ. ಇಂಥದ್ದು ಯಾರ ತಲೆಗೆ ಹೊಳೆಯಿತೋ, ಆ ಪುಣ್ಯಾತ್ಮರನ್ನು ಒಮ್ಮೆ ಕಣ್ತುಂಬ ನೋಡಬೇಕೆಂಬ ಆಸೆಯಿದೆ.

ಒಂದು ಮಾತು ಮಾತ್ರ ಒಪ್ಪಬೇಕು. ಕೇಂದ್ರದ ಮೇಡಂ ಒಳ್ಳೆಯವರು. ನಮ್ಮ ಹುಡುಗಿಯಂತೆಯೇ ದಿಕ್ಕೆಟ್ಟು ಬಂದಿದ್ದ ಇಬ್ಬರು ಅಲ್ಲಿ ಗೆಳತಿಯರಾದರು. ಈಗ ಮೂವರೂ ಅಂಗಳದಲ್ಲಿ ಕೂತು ಒಟ್ಟಿಗೆ ಉಣ್ಣುತ್ತಾರೆ. ಇವಳು ತರಗತಿಯಲ್ಲಿ ಎದ್ದು ನಿಂತು ಪ್ರಶ್ನೆ ಬೇರೆ ಕೇಳಿದ್ದಾಳಂತೆ. ಮನೆಯಲ್ಲಂತೂ ಅವಳ ಬಾಯಿ ಮುಚ್ಚಿಸುವುದೇ ಒಂದು ಕೆಲಸ. ಕೇಂದ್ರದ ಸಮಾರೋಪದ ದಿನ ತಾವೇ ಅವಳನ್ನು ವೇದಿಕೆಗೆ ಕರೆದು, ಒಂದು ದಿನವೂ ತಪ್ಪಿಸದ ವಿದ್ಯಾರ್ಥಿನಿ ಎಂದು ಹೊಗಳಿ ಚಪ್ಪಾಳೆ ತಟ್ಟಿದಿರಿ. ಹಿಂದಿನ ಸಾಲಿನಲ್ಲಿದ್ದ ನಾನೂ ಅಂಗೈ ಉರಿಯುವಷ್ಟು ತಟ್ಟಿದೆ. ಅದೇ ವಾರ, ಅದೇ ಕೈಯಿಂದ, ಹಾಜರಾತಿ ಸಾಲದ್ದರಿಂದ ಇವಳನ್ನೂ ಆ ಇಬ್ಬರು ಗೆಳತಿಯರನ್ನೂ ಪರೀಕ್ಷೆಗೆ ಕೂರಿಸಲಾಗದು ಎಂಬ ಆದೇಶಕ್ಕೆ ರುಜು ಹಾಕಿದಿರಿ. ಸ್ವಾಮಿ, ವೇದಿಕೆಯ ಮೇಲೆ ತಾವು ಅವಳ ಮುಖವನ್ನಾದರೂ ನೋಡಿದ್ದಿರಾ?

ಕೇಂದ್ರದ ಹಾಜರಾತಿಯೇ ಬೇರೆ, ತರಗತಿಯದೇ ಬೇರೆ ಎನ್ನುತ್ತಾರೆ ಗುಮಾಸ್ತರು. ಎರಡಕ್ಕೂ ಹುಡುಗಿ ಒಬ್ಬಳೇ ತಾನೇ ಎಂದು ಕೇಳಿದೆ. "ರೂಲ್ಸ್ ಅಮ್ಮ, ನಾವೇನ್ ಮಾಡೋಕಾಗುತ್ತೆ? ಮುಂದಿನ ವರ್ಷ ಮತ್ತೆ ಫಸ್ಟ್ ಇಯರ್‌ಗೇ ಸೇರಿಸಿ. ಆಗ ಕೇಂದ್ರದ ಸೌಲಭ್ಯಾನೂ ಸಿಗುತ್ತೆ," ಅಂದರು. ಅವರು ತಮಾಷೆ ಮಾಡುತ್ತಿರಲಿಲ್ಲ. ಅಂಗಿ ಬಿಗಿಯಾಯಿತೆಂದು ಗಿರಾಕಿ ಬಂದರೆ ನಾನು ಹೊಲಿಗೆ ಬಿಚ್ಚುತ್ತೇನೆ. ಮುಂದಿನ ವರ್ಷ ಬನ್ನಿ ಎಂದರೆ ನನ್ನ ಅಂಗಡಿಗೆ ಯಾರು ಬರುತ್ತಾರೆ?

ಮುಂದಿನ ವರ್ಷ ಎಂಬುದು ಅವಳಿಗೆ ಇಲ್ಲ. ನಮ್ಮಣ್ಣ ಅರೆಮನಸ್ಸಿನಿಂದಲೇ ಕಳಿಸಿದ್ದವನು, ಒಂದು ವರ್ಷ ಹಾಳಾಯಿತೆಂದರೆ ಮತ್ತೆ ಕಳಿಸುವವನಲ್ಲ. ಬಂದು ಕರೆದುಕೊಂಡು ಹೋಗುತ್ತೇನೆಂದು ಆಗಲೇ ಫೋನ್ ಮಾಡಿದ್ದಾನೆ. ಆದ್ದರಿಂದ ಆ ಮೂವರು ಕೇಂದ್ರದಲ್ಲಿ ಕೂತ ಹೊತ್ತನ್ನು ತರಗತಿಯ ಹಾಜರಾತಿಗೆ ಸೇರಿಸಿ, ಪರೀಕ್ಷೆಗೆ ಕೂರಿಸಿ. ಕೇಂದ್ರದ ಬಾಗಿಲನ್ನು ಪಾಠ ಮುಗಿದ ಮೇಲೆ ತೆರೆಯಿರಿ. ಇದಕ್ಕೆ ಸಮಿತಿ ಬೇಡ, ಸಮಾರಂಭ ಬೇಡ, ದಯವಿಟ್ಟು ಇನ್ನೊಂದು ಕೇಂದ್ರವಂತೂ ಬೇಡವೇ ಬೇಡ.

ಅಪ್ಪ ಬರುತ್ತಾನೆಂದು ತಿಳಿದಾಗ ಹುಡುಗಿ ಹೇಳಿದ್ದಿಷ್ಟೇ: "ಅತ್ತೆ, ನಂಗೆ ಈಗ ಓದ್ಬೇಕು ಅನ್ನಿಸ್ತಿದೆ." ತಮ್ಮ ಕೇಂದ್ರ ಗೆದ್ದಿದೆ ಸ್ವಾಮಿ. ಇನ್ನು ತಾವು ಅಡ್ಡ ಬರದಿದ್ದರೆ ಸಾಕು.

ಇಂತಿ,
ತಮ್ಮ ಫಲಕದಲ್ಲಿದ್ದುದನ್ನು ನಿಜವೆಂದೇ ನಂಬಿದ
ಒಬ್ಬ ಸೋದರತ್ತೆ